ಮಗುಚಿಟ್ಟ ಕುರ್ಚಿಗಳನ್ನು ಗುಜರಿ ಎಂದು ಬರೆದ ಅಧಿಕಾರಿಗಳಿಗೆ

ವೃತ್ತಿ ಶಿಕ್ಷಣ ಇಲಾಖೆಯ ಮಾನ್ಯ ವಲಯ ಅಧಿಕಾರಿಗಳೇ,

ನಮ್ಮ ಊರಿನ ವೃತ್ತಿ ಪ್ರೌಢಶಾಲೆಯ ಕಾರ್ಯಾಗಾರಕ್ಕೆ ನೀವು ಬೀಗ ಹಾಕಿಸಿ ಇಂದಿಗೆ ಇಪ್ಪತ್ತಮೂರು ದಿನ. ಬೀಗ ಗಟ್ಟಿಯಾಗಿದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಅದರ ಒಳಗೆ ಸಿಕ್ಕಿಕೊಂಡಿರುವ ಹದಿನಾರು ಕಬ್ಬಿಣದ ಕಂಬಗಳ ಬಗ್ಗೆ ತಕರಾರಿದೆ. ಕಾಲುವೆಯ ಮೇಲಿನ ಕಿರುಸೇತುವೆಗೆ ಕೈಕಂಬಿ ಹಾಕಲು ಶಾಲೆಯ ಮಕ್ಕಳು ಒಟ್ಟು ನಲವತ್ತು ಕಂಬ ಸಿದ್ಧ ಮಾಡಿದ್ದರು. ಇಪ್ಪತ್ತನಾಲ್ಕು ನಿಂತಿದ್ದವು, ಅಷ್ಟರಲ್ಲಿ ನಿಮ್ಮ ಆದೇಶ ಬಂತು. ಮರುದಿನದಿಂದ ನಮ್ಮ ಜನ ಸೇತುವೆಯ ಮೊದಲ ಭಾಗವನ್ನು ಕಂಬಿ ಹಿಡಿದು ಗೌರವಸ್ಥರ ಹಾಗೆ ದಾಟಿ, ಉಳಿದ ಭಾಗವನ್ನು ಎರಡೂ ಕೈ ಅಗಲಿಸಿ ಕೊಕ್ಕರೆಗಳ ಹಾಗೆ ದಾಟತೊಡಗಿದರು. ಹೋದ ವರ್ಷ ನನ್ನ ನಾದಿನಿ ಅದೇ ಜಾಗದಲ್ಲಿ ಒಗೆದ ಬಟ್ಟೆಯ ಗಂಟಿನ ಸಮೇತ ನೀರಿಗೆ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು. ಬಟ್ಟೆ ಎಲ್ಲ ಸಿಕ್ಕಿತು. ಮಣಿಕಟ್ಟು ಮಾತ್ರ ಮೊದಲಿನ ಹಾಗಾಗಲಿಲ್ಲ.

ಆ ಕಂಬಿ ಕೊನೆಯ ವರ್ಷದ ಲೋಹ ವಿಭಾಗದ ಹತ್ತೊಂಬತ್ತು ಮಕ್ಕಳ ಪರೀಕ್ಷೆಯ ಕೆಲಸ. ಅವರಲ್ಲಿ ಒಬ್ಬಳು ನನ್ನ ಮೊಮ್ಮಗಳು. ಪರೀಕ್ಷೆ ಇದೇ ತಿಂಗಳ ಹದಿನೆಂಟಕ್ಕೆ. ಕಾರ್ಯಾಗಾರದಲ್ಲಿ ಇಷ್ಟು ಗಂಟೆ ಕೆಲಸ ಮಾಡಿರಬೇಕೆಂಬ ನಿಮ್ಮ ನಿಯಮಕ್ಕೆ ಪ್ರತಿಯೊಬ್ಬರಿಗೂ ಮೂವತ್ತೊಂದು ಗಂಟೆ ಕಡಿಮೆ ಬಿದ್ದಿದೆ. ಗಂಟೆ ತುಂಬದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಕೂರಿಸದಿದ್ದರೆ ಎರಡು ವರ್ಷದ ಓದು ನೀರುಪಾಲು. ಬೀಗ ಹಾಕಿದವರೂ ನೀವೇ, ಗಂಟೆ ಕೇಳುವವರೂ ನೀವೇ. ಊಟದ ಮನೆಗೆ ಬೀಗ ಜಡಿದು ಹೊರಗೆ ನಿಂತವರನ್ನು ಯಾಕಯ್ಯಾ ಉಂಡಿಲ್ಲ ಎಂದು ಗದರಿಸುವುದನ್ನು ನಾನು ನೋಡಿದ್ದು ನಿಮ್ಮ ಇಲಾಖೆಯಲ್ಲಿ ಮಾತ್ರ.

ಇಷ್ಟು ಮಾತಾಡಲು ಇವಳ್ಯಾರು ಎಂದು ಕೇಳುತ್ತೀರಿ. ಶಾಲೆಯ ಗೇಟಿಗೆ ಎದುರಾಗಿ ತಗಡಿನ ಮಾಡಿನ ಇಸ್ತ್ರಿ ಅಂಗಡಿ ಇದೆಯಲ್ಲ, ಅದರ ಮುದುಕಿ ನಾನು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು. ಬಿಟ್ಟೆ ಅನ್ನುವುದು ಮರ್ಯಾದೆಯ ಮಾತು. ಲೆಕ್ಕದ ಮೇಷ್ಟ್ರ ಜೊತೆ ಜಗಳವಾಡಿ ಸ್ಲೇಟು ಅಲ್ಲೇ ಕುಕ್ಕಿ ಎದ್ದು ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಮಿಕ್ಕ ವಿದ್ಯೆಯೆಲ್ಲ ಇಸ್ತ್ರಿ ಬಟ್ಟೆ ಸುತ್ತಿಕೊಡುವ ಹಳೆಯ ದಿನಪತ್ರಿಕೆಗಳಿಂದ ಬಂದದ್ದು. ಹಾಗಾಗಿ ಲೋಕದ ಸುದ್ದಿ ನನಗೆ ಒಂದು ತಿಂಗಳು ತಡವಾಗಿ ತಿಳಿಯುತ್ತದೆ. ಆದರೆ ‘ಪರಿಶೀಲನೆಯಲ್ಲಿದೆ’, ‘ಸೂಕ್ತ ಕ್ರಮ ಜರುಗಿಸಲಾಗುವುದು’ ಎಂಬ ನಿಮ್ಮ ಭಾಷೆ ಚೆನ್ನಾಗಿಯೇ ಬರುತ್ತದೆ, ಏಕೆಂದರೆ ಅದು ತಿಂಗಳು ಕಳೆದರೂ ಹಳೆಯದಾಗುವುದಿಲ್ಲ. ಮೂವತ್ತೆಂಟು ವರ್ಷದಿಂದ ಆ ಗೇಟಿನ ಎದುರು ನಿಂತಿದ್ದೇನೆ. ನಿಮ್ಮ ಕುರ್ಚಿಗೆ ಬಂದು ಹೋದ ಏಳು ಅಧಿಕಾರಿಗಳನ್ನು ನೋಡಿದ್ದೇನೆ. ಅವರಲ್ಲಿ ಐದು ಮಂದಿಯ ಅಂಗಿಗೆ ಇಸ್ತ್ರಿ ಹಾಕಿದ್ದೇನೆ.

ನಿಮ್ಮದಕ್ಕೂ ಹಾಕಿದ್ದೇನೆ, ಮರೆತಿರಬೇಕು. ನೀವು ಮೊದಲ ಸಲ ತಪಾಸಣೆಗೆ ಬಂದ ದಿನ ಕಾರಿನಲ್ಲಿ ಮುದ್ದೆಯಾಗಿದ್ದ ಬಿಳಿ ಅಂಗಿಯೊಂದನ್ನು ನಿಮ್ಮ ಚಾಲಕ ಓಡಿ ಬಂದು ಕೊಟ್ಟ. “ಸಾಹೇಬರಿಗೆ ಮಧ್ಯಾಹ್ನ ದೊಡ್ಡ ಸಭೆ ಇದೆ, ಬೇಗ ಮಾಡಿಕೊಡಮ್ಮ” ಎಂದ. ನಾನು ನೀರು ಚಿಮುಕಿಸಿ, ಕಾಲರು ತಿರುವಿ, ತೋಳಿನ ಗೆರೆ ಕೂರಿಸಿ ಮುಗಿಸುವಷ್ಟರಲ್ಲಿ ಹನ್ನೊಂದು ನಿಮಿಷವಾಯಿತು. ತಲೆ ಎತ್ತಿ ನೋಡಿದರೆ ನೀವು ಆಗಲೇ ಗೇಟಿನ ಹೊರಗೆ ಬಂದು ಗಡಿಯಾರ ನೋಡುತ್ತಾ ನಿಂತಿದ್ದೀರಿ. ನಿಮಗೆ ಬೇಕಾದದ್ದು ಒಂಬತ್ತು ನಿಮಿಷ. ಮೂರು ವಿಭಾಗ, ಇನ್ನೂರ ನಲವತ್ತು ಮಕ್ಕಳು, ನಲವತ್ತು ವರ್ಷದ ಒಂದು ಶಾಲೆ, ನನ್ನ ಮೇಜಿನ ಮೇಲಿದ್ದ ನಿಮ್ಮ ಎರಡು ತೋಳು ಮತ್ತು ಒಂದು ಕಾಲರಿಗಿಂತ ಸುಲಭವಾಗಿ ಮುಗಿದುಹೋಯಿತು.

ಆ ಒಂಬತ್ತು ನಿಮಿಷದಲ್ಲಿ ಏನು ನಡೆಯಿತೆಂದು ಆಮೇಲೆ ಹೆಡ್‌ಮಿಸ್ಸೇ ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ಹೇಳಿದರು. ಪಾಪ, ಆ ಹೆಣ್ಣುಮಗಳು ಜೋರಾಗಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ನೀವು ನೇರವಾಗಿ ಗಾಜಿನ ಬೀರುವಿನ ಮುಂದೆ ಹೋಗಿ ನಿಂತಿರಂತೆ. ಬೀರು ಖಾಲಿ.

“ಮಕ್ಕಳು ಮಾಡಿದ ವಸ್ತುಗಳೆಲ್ಲಿ?”

“ಹೊರಗಿವೆ ಸರ್.”

“ಹೊರಗೆ ಅಂದ್ರೆ ಅಂಗಳದಲ್ಲಾ?”

“ಊರಲ್ಲಿ ಸರ್. ಆಸ್ಪತ್ರೆಯಲ್ಲಿ, ಅಂಚೆ ಕಚೇರೀಲಿ, ಬಸ್ ನಿಲ್ದಾಣದಲ್ಲಿ…”

“ನಾನು ಊರು ತಪಾಸಣೆ ಮಾಡೋಕೆ ಬಂದಿಲ್ಲ ಮೇಡಂ. ಶಾಲೆ ತಪಾಸಣೆ ಮಾಡೋಕೆ ಬಂದಿರೋದು.”

ಹೀಗೆ ಹೇಳಿ ವರದಿಯಲ್ಲಿ ‘ವಿದ್ಯಾರ್ಥಿಗಳ ಉತ್ಪನ್ನ: ಶೂನ್ಯ’ ಎಂದು ಬರೆದಿರಿ. ಕೆಳಗೆ ಎರಡು ಗೆರೆ ಎಳೆದಿರಿ. ಗೆರೆ ನೆಟ್ಟಗಿದ್ದವಂತೆ. ಬರೆಯಲು ನೀವು ಕೈ ಊರಿಕೊಂಡ ಮೇಜು ಹನ್ನೆರಡು ವರ್ಷದ ಹಿಂದೆ ಮರಗೆಲಸ ವಿಭಾಗದ ಮಕ್ಕಳು ಮಾಡಿದ್ದು. ಅಲುಗಾಡುವ ಮೇಜಾಗಿದ್ದರೆ ನಿಮ್ಮ ಗೆರೆಯೂ ಸೊಟ್ಟಗಾಗುತ್ತಿತ್ತು.

ಸ್ವಾಮೀ, ಆ ಬೀರು ಯಾಕೆ ಖಾಲಿಯಿದೆ ಎಂದು ನೀವು ಕೇಳಬೇಕಿತ್ತು. ನೀವು ಕೇಳದಿದ್ದರೂ ನಾನು ಹೇಳುತ್ತೇನೆ. ಊರವರು ‘ಕೆಲಸದ ಶಾಲೆ’ ಎಂದು ಕರೆಯುವ ಆ ಶಾಲೆಯಲ್ಲಿ, ಮೊದಲ ಮರಗೆಲಸದ ಮೇಷ್ಟ್ರ ಕಾಲದಿಂದಲೂ ಒಂದು ಕಟ್ಟುಪಾಡಿದೆ. ಶಾಲೆಯ ಸ್ವಂತ ಬಳಕೆಯ ಮೇಜು ಬೆಂಚು ಬಿಟ್ಟು, ಮಾಡಿದ ವಸ್ತು ಶನಿವಾರದೊಳಗೆ ಗೇಟು ದಾಟಬೇಕು. ಸ್ಟೂಲಾಗಲಿ, ಏಣಿಯಾಗಲಿ, ಹೊಲಿಗೆ ವಿಭಾಗದ ಮಕ್ಕಳು ಹೊಲಿದ ಆಸ್ಪತ್ರೆಯ ಪರದೆಯಾಗಲಿ, ಯಾರಿಗೆ ಬೇಕೋ ಅವರ ಮನೆಗೆ, ಅಂಗಡಿಗೆ, ಕಚೇರಿಗೆ ಹೋಗಬೇಕು. ಗಾಜಿನ ಹಿಂದಿರುವ ಕುರ್ಚಿ ಎಂದೂ ಮುರಿಯುವುದಿಲ್ಲ, ಹಾಗಾಗಿ ಮಾಡಿದವನಿಗೆ ತನ್ನ ತಪ್ಪು ಎಂದೂ ತಿಳಿಯುವುದಿಲ್ಲ ಎಂಬುದು ಆ ಮೇಷ್ಟ್ರ ವಾದವಾಗಿತ್ತು. ಹೋಗುವ ಮುಂಚೆ ವಸ್ತುವಿನ ಅಡಿಯಲ್ಲಿ, ಕಾಣದ ಕಡೆ, ಮಾಡಿದವರ ಹಾಜರಿ ಸಂಖ್ಯೆ ಮತ್ತು ವರ್ಷವನ್ನು ಅಚ್ಚು ಹೊಡೆಯುತ್ತಾರೆ. ವಸ್ತು ಕೈಕೊಟ್ಟರೆ ಆ ಸಂಖ್ಯೆಯವರು ಬಂದು ಸರಿಮಾಡಿಕೊಡಬೇಕು. ಎಷ್ಟು ವರ್ಷವಾದರೂ ಸರಿ. ಮದುವೆಯಾಗಿ ಮಕ್ಕಳಾಗಿದ್ದರೂ ಸರಿ.

ನನ್ನ ಅಂಗಡಿಯ ಸ್ಟೂಲಿನ ಕಾಲು ಎರಡು ವರ್ಷದ ಹಿಂದೆ ಸಡಿಲವಾಯಿತು. ಮಗುಚಿ ನೋಡಿದೆ. ಮೂವತ್ತೊಂದು ಎಂದಿತ್ತು, ವರ್ಷವೂ ಇತ್ತು. ಆ ಮೂವತ್ತೊಂದು ಈಗ ಎಲ್ಲಿದ್ದಾನೆಂದು ಊರಿಗೆಲ್ಲ ಗೊತ್ತು. ಸ್ಟೂಲು ಕಂಕುಳಲ್ಲಿ ಇಟ್ಟುಕೊಂಡು ಸೀದಾ ಅಂಚೆ ಕಚೇರಿಗೆ ಹೋಗಿ ಕಿಟಕಿಯ ಮುಂದೆ ನಿಂತೆ.

“ಏನಪ್ಪಾ ಮೂವತ್ತೊಂದು, ನಿನ್ನ ಸ್ಟೂಲು ಅಲ್ಲಾಡ್ತಿದೆ.”

ಕನ್ನಡಕ ಮೇಲೆತ್ತಿದ. “ಅಮ್ಮಾ, ಮೆಲ್ಲಗೆ. ನಾನೀಗ ಇಲ್ಲಿ ಪೋಸ್ಟ್‌ಮಾಸ್ಟರು.”

“ನಾನೇನು ಪೋಸ್ಟ್‌ಮಾಸ್ಟರ್ ಹತ್ರ ಬಂದಿದೀನಾ? ಮೂವತ್ತೊಂದರ ಹತ್ರ ಬಂದಿದೀನಿ.”

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಅವನೂ ನಕ್ಕ. ಭಾನುವಾರ ಉಳಿ, ಅಂಟು ಹಿಡಿದು ಬಂದು ಎರಡು ಗಂಟೆ ಕೂತ. ಹೋಗುವಾಗ, “ಆವತ್ತು ತೂತು ಸ್ವಲ್ಪ ದೊಡ್ಡದಾಗಿತ್ತಮ್ಮ, ನನಗೆ ಗೊತ್ತಿತ್ತು. ಮೇಷ್ಟ್ರಿಗೆ ಹೇಳಿರಲಿಲ್ಲ” ಎಂದ. ಇಪ್ಪತ್ತೆಂಟು ವರ್ಷ ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದನಂತೆ. ಸಾಹೇಬರೇ, ನಿಮ್ಮ ಇಲಾಖೆಯಲ್ಲಿ ಒಂದು ಆದೇಶ ಅಲ್ಲಾಡಿದರೆ ಅದನ್ನು ಮಗುಚಿ ಯಾರ ಸಂಖ್ಯೆ ನೋಡಬೇಕು? ಅಡಿಯಲ್ಲಿ ಇರುವ ಸಹಿ ಓದಲು ಬರುವುದಿಲ್ಲ. ನಾನು ಬಿಡಿ, ಹೆಡ್‌ಮಿಸ್ಸಿಗೂ ಬರಲಿಲ್ಲ.

ಈಗ ನನ್ನ ಪಾಲಿನ ಕಥೆಗೆ ಬರುತ್ತೇನೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯದೆ ವಿಧಿಯಿಲ್ಲ.

‘ಶೂನ್ಯ’ದ ವಿರುದ್ಧ ಹೆಡ್‌ಮಿಸ್ಸು ಮೂರು ಪತ್ರ ಬರೆದ ಮೇಲೆ ನೀವು ಇನ್ನೊಮ್ಮೆ ಬರುತ್ತೀರೆಂದು ಉತ್ತರ ಬಂತು. ಆ ದಿನ ನನ್ನ ಅಂಗಡಿಯಲ್ಲಿ ಕ್ಷೌರದಂಗಡಿಯವನು, ಆಸ್ಪತ್ರೆಯ ನರ್ಸಮ್ಮ, ಇನ್ನೂ ನಾಲ್ಕು ಮಂದಿ ಇದ್ದರು. ನಾನು ಇಸ್ತ್ರಿ ಪೆಟ್ಟಿಗೆ ಕುಕ್ಕಿ ಹೇಳಿದೆ: “ಆ ಮನುಷ್ಯನಿಗೆ ಕಣ್ಣಿಗೆ ಕಾಣೋ ವಸ್ತು ಬೇಕಂತೆ. ತೋರಿಸೋಣ. ಶಾಲೆ ಮಾಡಿದ್ದೆಲ್ಲಾ ಒಂದು ದಿನದ ಮಟ್ಟಿಗೆ ಅಂಗಳಕ್ಕೆ ತಂದು ಹಾಕಿ. ಕಣ್ಣು ತುಂಬಾ ನೋಡ್ಕೊಂಡು ಹೋಗಲಿ.”

ಮೊಮ್ಮಗಳು ಮೂಲೆಯಲ್ಲಿ ಕೂತು ಕಂಬಿಯ ಅಳತೆ ಬರೆಯುತ್ತಿದ್ದಳು. “ಅಜ್ಜಿ, ಅಷ್ಟೆಲ್ಲಾ ಬೇಡ. ಏನೇನು ಎಲ್ಲೆಲ್ಲಿದೆ ಅಂತ ಒಂದು ಪಟ್ಟಿ ಬರೆದು ಕೊಟ್ರೆ ಸಾಕು” ಎಂದಳು.

“ಪಟ್ಟಿ ಓದೋ ಮನುಷ್ಯ ಒಂಬತ್ತು ನಿಮಿಷಕ್ಕೆ ಎದ್ದು ಹೋಗ್ತಾನೇನೇ?”

“ಅಮ್ಮ ಹೇಳಿದ್ದು ಸರಿ” ಎಂದ ಕ್ಷೌರದಂಗಡಿಯವನು. ಅವನು ಹಾಗೆ ಹೇಳಿದ್ದು ನನ್ನ ಬಾಯಿಗೆ ಹೆದರಿ ಎಂದು ಈಗ ಹೇಳುತ್ತಾನೆ.

ಬೆಳಿಗ್ಗೆ ಏಳಕ್ಕೆ ಶುರುವಾಯಿತು ನೋಡಿ. ಕ್ಷೌರದಂಗಡಿಯ ಎರಡು ಕುರ್ಚಿ ಬಂದವು. ಗ್ರಂಥಾಲಯದ ಕಪಾಟುಗಳು ಬಂದವು, ಪುಸ್ತಕಗಳು ನೆಲದ ಮೇಲೆ ಉಳಿದವು. ಪ್ರಾಥಮಿಕ ಶಾಲೆಯಿಂದ ಅರವತ್ತು ಡೆಸ್ಕು. ಬಸ್ ನಿಲ್ದಾಣದ ಬೆಂಚನ್ನು ನಟ್ಟು ಬಿಚ್ಚಿ ತಂದರು. ಪೊಲೀಸ್ ಠಾಣೆಯವರು ಕೂಡ ಒಂದು ಬೀರು ಕಳಿಸಿದರು, ಅದರ ಕೀಲಿ ತಮ್ಮ ಹತ್ತಿರವೇ ಇಟ್ಟುಕೊಂಡರು. ಸ್ಮಶಾನದ ಗೇಟನ್ನೇ ಕಳಚಿ ಕೈಗಾಡಿಯ ಮೇಲೆ ಹೇರಿಕೊಂಡು ಬಂದಾಗ ನನಗೂ ಸ್ವಲ್ಪ ಅತಿಯಾಯಿತೇನೋ ಅನ್ನಿಸಿತು. ಆದರೆ ಆ ಹೊತ್ತಿಗೆ ಯಾರನ್ನೂ ತಡೆಯುವ ಹಾಗಿರಲಿಲ್ಲ. ಆಸ್ಪತ್ರೆಯ ಮಂಚವನ್ನು ಅದರ ಮೇಲೆ ಮಲಗಿದ್ದ ತಾತನ ಸಮೇತ ಹೊತ್ತು ತಂದರು. ಇಳಿಯಿರಿ ಎಂದರೆ ಆ ತಾತ ಇಳಿಯಲೊಲ್ಲ, ಇಳಿದರೆ ಡಾಕ್ಟರ ಹತ್ತಿರ ಸರದಿ ತಪ್ಪುತ್ತದಂತೆ.

ಅಂಗಳ ತುಂಬಿತು. ಆಗ ನನ್ನ ತಲೆಗೆ ಇನ್ನೊಂದು ಬುದ್ಧಿ ಹೊಳೆಯಿತು, ಅದೇ ನಮ್ಮನ್ನು ಮುಳುಗಿಸಿತು. ಇದೆಲ್ಲ ನಮ್ಮ ಮಕ್ಕಳು ಮಾಡಿದ್ದು ಎಂದು ಸಾಹೇಬರಿಗೆ ಹೇಗೆ ಗೊತ್ತಾಗಬೇಕು? ಹಾಜರಿ ಸಂಖ್ಯೆ ಇರುವುದು ಅಡಿಯಲ್ಲಿ. ಕಟ್ಟೆಯ ಮೇಲೆ ಹತ್ತಿ ಕೂಗಿದೆ: “ಎಲ್ಲಾ ಮಗುಚಿ ಇಡ್ರಪ್ಪಾ! ನಂಬರು ಮೇಲೆ ಕಾಣಬೇಕು!”

ಮಗುಚಿದರು. ಕುರ್ಚಿ, ಮೇಜು, ಡೆಸ್ಕು, ಬೆಂಚು, ಎಲ್ಲದರ ಕಾಲು ಆಕಾಶಕ್ಕೆ. ಬೀರುಗಳನ್ನು ಅಡ್ಡಡ್ಡ ಕೆಡವಿದರು. ನಲವತ್ತು ವರ್ಷದ ಸಂಖ್ಯೆಗಳು ಬಿಸಿಲಿಗೆ ಕಂಡವು. ಜನ ತಮ್ಮ ತಮ್ಮ ಸಂಖ್ಯೆ ಹುಡುಕುತ್ತಾ ಓಡಾಡಿದರು. ತರಕಾರಿ ಅಂಗಡಿಯವಳು ತಾನು ಹದಿನೈದನೇ ವಯಸ್ಸಿನಲ್ಲಿ ಮಾಡಿದ ಡೆಸ್ಕನ್ನು ಕಂಡುಹಿಡಿದು ಅದರ ಕಾಲು ಸವರಿ ಕಣ್ಣೊರೆಸಿಕೊಂಡಳು. ನಮಗೆ ಅದು ಜಗತ್ತಿನ ಅತ್ಯಂತ ಚೆಂದದ ನೋಟ. ಅದು ಬೇರೆಯವರ ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ಅಲ್ಲಿದ್ದ ಮುನ್ನೂರು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಸಂಖ್ಯೆ ಅಡಿಯಲ್ಲಿರುತ್ತದೆಂದು ನಮಗೆ ಹುಟ್ಟಿನಿಂದ ಗೊತ್ತು. ನಿಮಗೆ ಗೊತ್ತಿಲ್ಲ ಎನ್ನುವುದೇ ನಮಗೆ ಗೊತ್ತಿರಲಿಲ್ಲ.

ಹನ್ನೊಂದಕ್ಕೆ ನೀವು ಬಂದಿರಿ. ಕಾರು ಗೇಟಿನೊಳಗೆ ನುಗ್ಗಲಿಲ್ಲ. ಇಳಿದು ಎರಡು ಬೀರುಗಳ ನಡುವೆ ಓರೆಯಾಗಿ ತೂರಿ ಬಂದಿರಿ, ಪ್ಯಾಂಟು ಎಲ್ಲೋ ಸಿಕ್ಕಿಕೊಂಡು ಪರ್ರ್ ಎಂದಿತು. ಅದಕ್ಕೆ ಊರಿನ ಪರವಾಗಿ ಕ್ಷಮೆ ಕೇಳುತ್ತೇನೆ. ಹೊಲಿಗೆ ವಿಭಾಗ ತೆರೆದಿದ್ದರೆ ಐದು ನಿಮಿಷದ ಕೆಲಸ.

“ಏನಿದು?” ಎಂದಿರಿ.

“ಉತ್ಪನ್ನ ಸರ್” ಎಂದರು ಹೆಡ್‌ಮಿಸ್ಸು.

“ಎಲ್ಲಾ ಮುರಿದಿದೆಯಾ?”

“ಇಲ್ಲ ಸರ್. ಮಗುಚಿದೆ.”

“ಯಾಕೆ?”

ಅಷ್ಟೇ, ಮುನ್ನೂರು ಬಾಯಿ ಒಟ್ಟಿಗೆ ತೆರೆದವು. “ನಂಬರು ನೋಡಿ ಸಾಹೇಬ್ರೇ, ನಂಬರು!” ಎಂದು ಕ್ಷೌರದಂಗಡಿಯವನು ಕುರ್ಚಿಯ ಬುಡಕ್ಕೆ ಬೆರಳು ಮಾಡಿ ಕುಣಿದ. “ಯಾವ ನಂಬರ್ರಿ?” ಎಂದು ನೀವು ಕೇಳಿದಿರಿ. “ನಂದು ಏಳನೇ ನಂಬರು, ಆಗಲಿಂದ ಕಾಯ್ತಿದೀನಿ!” ಎಂದು ಮಂಚದ ತಾತ ಕೂಗಿದ. ಅಂಗಳದಲ್ಲಿ ನೆಟ್ಟಗಿದ್ದದ್ದು ಆ ಮಂಚ ಒಂದೇ. ನಿಮಗೆ ಕೂರಲು ಒಂದು ಕುರ್ಚಿ ಕೊಡೋಣವೆಂದರೆ ಇನ್ನೂರು ಕುರ್ಚಿಗಳ ನಡುವೆ ಕೂರುವಂಥದು ಒಂದೂ ಇರಲಿಲ್ಲ. ಅಷ್ಟರಲ್ಲಿ ನಿಮ್ಮ ಫೋನು ರಿಂಗಾಯಿತು. ಮಾತಾಡುತ್ತಲೇ ಬಂದ ದಾರಿಯಲ್ಲಿ ಓರೆಯಾಗಿ ಹೊರಟುಹೋದಿರಿ.

ಎರಡನೇ ವರದಿ ನಾಲ್ಕೇ ದಿನಕ್ಕೆ ಬಂತು. ನಿಮ್ಮ ಇಲಾಖೆಗೆ ಇಷ್ಟು ವೇಗವಿದೆಯೆಂದು ಊರಿಗೆ ಮೊದಲ ಬಾರಿ ತಿಳಿಯಿತು. ‘ಶಾಲಾ ಆವರಣವನ್ನು ಮುರಿದ ಪೀಠೋಪಕರಣಗಳ ಗುಜರಿ ಸಂಗ್ರಹಕ್ಕೆ ಬಳಸಲಾಗುತ್ತಿದ್ದು, ಬೋಧನೆಗೆ ಯೋಗ್ಯವಾದ ಸ್ಥಳಾವಕಾಶ ಕಂಡುಬಂದಿಲ್ಲ.’ ಅದಕ್ಕಾಗಿ ಕಾರ್ಯಾಗಾರಗಳಿಗೆ ಬೀಗ. ಮಕ್ಕಳು ಮೂವತ್ತನಾಲ್ಕು ಕಿಲೋಮೀಟರ್ ಆಚೆಯ ಶಾಲೆಗೆ ಹೋಗಬೇಕು. ಅಲ್ಲಿಗೆ ಇರುವುದು ಬೆಳಿಗ್ಗೆ ಹತ್ತರ ಬಸ್ಸೊಂದೇ, ಅದು ಮುಟ್ಟುವ ಹೊತ್ತಿಗೆ ಮೊದಲೆರಡು ತರಗತಿ ಮುಗಿದಿರುತ್ತವೆ. ಲೋಹ ವಿಭಾಗವೂ ಅಲ್ಲಿ ಇದೆ, ಪುಸ್ತಕದಲ್ಲಿ. ಬೆಸುಗೆಯ ಚಿತ್ರ ಬಣ್ಣದ್ದಂತೆ. ನಮ್ಮ ಕಟ್ಟಡವನ್ನು ‘ಕೌಶಲ ಜಾಗೃತಿ ಕೇಂದ್ರ’ ಮಾಡಿ, ಉಪಕರಣಗಳ ದೊಡ್ಡ ದೊಡ್ಡ ಚಿತ್ರಗಳನ್ನು ಗೋಡೆಗೆ ಹಾಕುತ್ತೀರೆಂದು ಆದೇಶದ ಕೊನೆಯಲ್ಲಿದೆ. ಸುತ್ತಿಗೆಯ ಬಗ್ಗೆ ಜಾಗೃತಿ ಮೂಡಿಸಲು ಮೊದಲು ಸುತ್ತಿಗೆಗಳನ್ನು ಹೊರಗೆ ಹಾಕಬೇಕೆಂಬುದು ನಾಲ್ಕನೇ ತರಗತಿಯವಳಿಗೆ ಅರ್ಥವಾಗುವ ಮಾತಲ್ಲ. ದೊಡ್ಡ ಓದು ಓದಿದವರಿಗೆ ಹೊಳೆದಿರಬೇಕು.

ಬೀಗ ಬಿದ್ದ ದಿನ ಮೊಮ್ಮಗಳು ಮನೆಗೆ ಬಂದು ಕೈಚೀಲ ಇಟ್ಟಳು. “ಅಜ್ಜಿ, ಅವತ್ತು ನೀನು ಸುಮ್ನೆ ಇಸ್ತ್ರಿ ಮಾಡ್ಕೊಂಡು ಇದ್ದಿದ್ರೆ ಸಾಕಾಗಿತ್ತು” ಎಂದಳು. ಆಮೇಲೆ ನಾಲ್ಕು ದಿನ ನನ್ನ ಜೊತೆ ಮಾತಿಲ್ಲ. ನನಗೆ ಬೈಯುವವರು ಬೇಕಾದಷ್ಟಿದ್ದಾರೆ, ಅವರಿಗೆಲ್ಲ ಎರಡರಷ್ಟು ವಾಪಸು ಕೊಟ್ಟು ಅಭ್ಯಾಸವಿದೆ. ಈ ಮಾತು ಮಾತ್ರ ನಿಜ. ಅವಳು ಹೇಳಿದ ಪಟ್ಟಿ ಬರೆದುಕೊಟ್ಟಿದ್ದರೆ ಶಾಲೆ ಉಳಿಯುತ್ತಿತ್ತೋ ಏನೋ. ನನಗೆ ಸಿಟ್ಟು ಬಂತು, ನಾನು ಕೂಗಿದೆ, ಊರು ನನ್ನ ಮಾತು ಕೇಳಿತು. ಹತ್ತೊಂಬತ್ತು ಮಕ್ಕಳ ಪರೀಕ್ಷೆ ನನ್ನ ಬಾಯಿಂದ ಹೋಯಿತು. ನಿಮ್ಮ ತಪ್ಪನ್ನು ಮೇಲೆ ಬರೆದಿದ್ದೇನೆ, ಇದು ನನ್ನದು.

ಐದನೇ ದಿನ ಬೆಳಿಗ್ಗೆ ಅವಳು ಕೈಯಲ್ಲಿ ತೂತು ಕೊರೆಯುವ ಯಂತ್ರ ಹಿಡಿದು ಅಂಗಡಿಗೆ ಬಂದಳು.

“ಅಜ್ಜಿ, ಮೇಜು ಖಾಲಿ ಮಾಡು.”

“ಬಟ್ಟೆ ಇದಾವಲ್ಲೇ.”

“ಬಟ್ಟೆ ನಾಳೆ. ನಮಗೆ ಮೂವತ್ತೊಂದು ಗಂಟೆ ಬೇಕು. ಮೇಷ್ಟ್ರು ಬರ್ತಿದಾರೆ.”

“ಅಲ್ಲೇ, ಮೇಷ್ಟ್ರನ್ನ ಆ ಕಡೆ ಶಾಲೆಗೆ ಹಾಕಿದಾರಲ್ಲ?”

“ರಜೆ ಬರೆದು ಕೊಟ್ಟಿದಾರೆ. ಮೇಜು ಅಜ್ಜಿ, ಮೇಜು!”

ಆದ್ದರಿಂದ ಮಾನ್ಯರೇ, ನಿಮಗೆ ಒಂದು ವಿಷಯ ತಿಳಿಸಬೇಕಾಗಿದೆ. ನೀವು ಮುಚ್ಚಿದ ಶಾಲೆ ಹದಿನೆಂಟು ದಿನದಿಂದ ನಡೆಯುತ್ತಿದೆ. ಕಂಬದ ತಳಪಟ್ಟಿಗೆ ತೂತು ಕೊರೆಯುವುದು ನನ್ನ ಇಸ್ತ್ರಿ ಮೇಜಿನ ಮೇಲೆ. ಬೆಸುಗೆ ಹಾಕುವುದು ಗೇಟು ಮಾಡುವವನ ಶೆಡ್ಡಿನಲ್ಲಿ. ಅವನು ಆ ಶಾಲೆಯ ನಾಲ್ಕನೇ ಸಂಖ್ಯೆ, ಹೊಸ ಕಂಬಗಳಿಗೆ ಬೇಕಾದ ಕಬ್ಬಿಣದ ಕೊಳವೆಗಳನ್ನೂ ಅವನೇ ಕೊಟ್ಟ. ಹೊಲಿಗೆಯ ಮಕ್ಕಳು ದರ್ಜಿಯ ಅಂಗಡಿಯಲ್ಲಿ, ಮರಗೆಲಸದವರು ಪೋಸ್ಟ್‌ಮಾಸ್ಟರ ಹಿತ್ತಿಲಲ್ಲಿ. ಲೋಹದ ಮೇಷ್ಟ್ರು ರಜೆಯಲ್ಲಿದ್ದಾರೆ, ರಜೆಯಲ್ಲಿ ಮನುಷ್ಯ ಎಲ್ಲಿ ಬೇಕಾದರೂ ನಿಂತು ಏನು ಬೇಕಾದರೂ ಮಾತಾಡಬಹುದು ಎಂಬುದು ನನ್ನ ಕಾನೂನಿನ ತಿಳುವಳಿಕೆ. ಅವರ ಸುತ್ತ ಹತ್ತೊಂಬತ್ತು ಮಕ್ಕಳು ನಿಂತಿದ್ದರೆ ಅದು ಆಕಸ್ಮಿಕ. ಹೆಡ್‌ಮಿಸ್ಸಿಗೆ ಇದಾವುದೂ ಗೊತ್ತಿಲ್ಲ. ದಿನಾ ಸಂಜೆ ನನ್ನ ಅಂಗಡಿಗೆ ಬಂದು, ಏನೂ ಗೊತ್ತಿಲ್ಲದೆ, ಮಕ್ಕಳ ಕೆಲಸ ನೋಡಿ, ಎರಡು ತಪ್ಪು ತೋರಿಸಿ ಹೋಗುತ್ತಾರೆ.

ಹಾಜರಿ ಪುಸ್ತಕ ನಿಮ್ಮ ಬೀಗದೊಳಗಿದೆ. ಅದಕ್ಕೆ ಬಟ್ಟೆಗಳ ಗುರುತು ಬರೆಯುವ ನನ್ನ ಪುಸ್ತಕದ ಹಿಂಬದಿಯಲ್ಲಿ ನಾನೇ ಹಾಜರಿ ಬರೆಯುತ್ತಿದ್ದೇನೆ. ದಿನ, ಸಂಖ್ಯೆ, ಬಂದ ಹೊತ್ತು, ಹೋದ ಹೊತ್ತು. ಒಬ್ಬಳು ಮೊನ್ನೆ ಐದು ನಿಮಿಷ ತಡವಾಗಿ ಬಂದಳು, ಐದು ನಿಮಿಷ ಕಡಿದೆ. ಅವಳು ಬೇರೆ ಯಾರೂ ಅಲ್ಲ, ನನ್ನ ಮೊಮ್ಮಗಳೇ. “ಅಜ್ಜೀ!” ಎಂದಳು. “ಇಲ್ಲಿ ಅಜ್ಜಿ ಯಾರೂ ಇಲ್ಲ, ಕೆಲಸ ನೋಡು” ಎಂದೆ. ಬ್ಯಾಂಕಿನ ಮ್ಯಾನೇಜರು ತಮ್ಮ ಅಂಗಿಯ ಕಾಲರಿನಲ್ಲಿ ಕಬ್ಬಿಣದ ಪುಡಿ ಇದೆಯೆಂದು ಗಲಾಟೆ ಮಾಡಿಕೊಂಡು ಬಂದರು. ಕಾಲರು ಗಟ್ಟಿಯಾಗಿ ನಿಲ್ಲುತ್ತೆ, ಹಾಕ್ಕೊಳ್ಳಿ ಎಂದು ಕಳಿಸಿದೆ. ಇವತ್ತಿಗೆ ಇಪ್ಪತ್ತೇಳು ಗಂಟೆ ತುಂಬಿದೆ. ಹದಿನೆಂಟರೊಳಗೆ ಮಿಕ್ಕ ನಾಲ್ಕೂ ತುಂಬುತ್ತದೆ. ಒಳಗಿರುವ ಹದಿನಾರು ಕಂಬಗಳ ಬದಲು ಹೊಸದಾಗಿ ಹದಿನಾರು ಸಿದ್ಧವಾಗಿವೆ. ಹದಿಮೂರು ಸೇತುವೆಯ ಮೇಲೆ ನಿಂತೂ ಆಗಿದೆ. ಕೊನೆಯ ಮೂರನ್ನು ಪರೀಕ್ಷೆಯ ದಿನ ಪರೀಕ್ಷಕರ ಎದುರು ನೆಡಬೇಕೆಂದು ಮಕ್ಕಳು ಉಳಿಸಿಕೊಂಡಿದ್ದಾರೆ. ಅಲ್ಲಿಯವರೆಗೆ ಆ ಮೂರು ಹೆಜ್ಜೆಯ ಅಂತರದಲ್ಲಿ ಯಾರಾದರೊಬ್ಬರು ಸರದಿಯ ಮೇಲೆ ನಿಂತು ದಾಟುವವರ ಕೈ ಹಿಡಿಯುತ್ತಾರೆ. ನಿನ್ನೆ ನನ್ನ ನಾದಿನಿ ನಿಂತಿದ್ದಳು, ಮುರಿಯದ ಕೈ ಚಾಚಿಕೊಂಡು.

ನೀವು ಕೇಳಬಹುದು, ಶಾಲೆಯಿಲ್ಲದೆಯೂ ನಡೆಯುತ್ತಿದೆಯಲ್ಲ, ಮತ್ತೆ ಶಾಲೆ ಯಾಕೆ ಎಂದು. ನಿಮ್ಮಂಥವರಿಗೆ ಈ ಪ್ರಶ್ನೆ ಹೊಳೆಯುತ್ತದೆಂಬ ಭಯ ನನಗಿದೆ. ಈ ಹದಿನೆಂಟು ದಿನ ನಡೆದದ್ದು ನಲವತ್ತು ವರ್ಷದ ಶಾಲೆ ಊರಿನ ಕೈಯಲ್ಲಿ ಉಳಿದಿದ್ದರಿಂದ. ಗೇಟಿನವನಿಗೆ, ದರ್ಜಿಗೆ, ಪೋಸ್ಟ್‌ಮಾಸ್ಟರಿಗೆ ಹೇಳಿಕೊಡಲು ಬಂತು, ಯಾಕೆಂದರೆ ಅವರಿಗೂ ಒಮ್ಮೆ ಅಲ್ಲೇ ಯಾರೋ ಹೇಳಿಕೊಟ್ಟಿದ್ದರು. ಬೀಗ ಇಪ್ಪತ್ತು ವರ್ಷ ಉಳಿದರೆ ಆಗ ಯಾರ ಶೆಡ್ಡಿಗೆ ಹೋಗಬೇಕು? ಆಗ ಈ ಊರಿನ ಕುರ್ಚಿ ಮುರಿದರೆ ಮಗುಚಿ ನೋಡಲು ಅಡಿಯಲ್ಲಿ ಏನಿರುತ್ತದೆ? ಜೊತೆಗೆ, ನನ್ನ ಇಸ್ತ್ರಿ ಮೇಜಿನಲ್ಲಿ ಈಗಾಗಲೇ ಒಂಬತ್ತು ತೂತಿವೆ. ನನ್ನ ಅಂಗಡಿಯನ್ನು ಕಾರ್ಯಾಗಾರವೆಂದು ಕರೆಯಲು ನನಗೇ ನಾಚಿಕೆಯಾಗುತ್ತದೆ, ನಿಮಗೆ ಆಗದಿದ್ದರೂ.

ನನ್ನ ಬೇಡಿಕೆ ಉದ್ದವಿಲ್ಲ. ನನ್ನ ಪುಸ್ತಕದ ಗಂಟೆಗಳನ್ನು ಒಪ್ಪಿಕೊಳ್ಳಿ. ಹದಿನೆಂಟರಂದು ಬೆಳಿಗ್ಗೆ ಹತ್ತಕ್ಕೆ ಪರೀಕ್ಷಕರನ್ನು ಸೇತುವೆಗೆ ಕಳಿಸಿ. ನೀವೂ ಬನ್ನಿ. ಈ ಸಲ ಯಾರೂ ಏನನ್ನೂ ಹೊತ್ತು ತರುವುದಿಲ್ಲ, ಮಗುಚಿಡುವುದಿಲ್ಲ, ನಾನು ಬಾಯಿ ತೆರೆಯುವುದಿಲ್ಲ. ಮೊಮ್ಮಗಳಿಗೆ ಮಾತು ಕೊಟ್ಟಿದ್ದೇನೆ. ಕೊನೆಯ ಮೂರು ಕಂಬ ನಿಂತ ಮೇಲೆ ಅವಳು ನಟ್ಟು ಬಿಗಿದ ಜಾಗಕ್ಕೆ ಹೋಗಿ ನಿಮ್ಮ ಮೈಭಾರವನ್ನೆಲ್ಲ ಆ ಕಂಬಿಯ ಮೇಲೆ ಹಾಕಿ ತಳ್ಳಿ. ಕೆಳಗೆ ನೀರಿದೆ, ಆದ್ದರಿಂದ ಪ್ರಾಮಾಣಿಕವಾಗಿ ತಳ್ಳುತ್ತೀರೆಂಬ ನಂಬಿಕೆ ನನಗಿಲ್ಲ. ನೀವು ತಳ್ಳದಿದ್ದರೆ ನಾನೇ ನಿಮ್ಮ ಪಕ್ಕದಲ್ಲಿ ನಿಂತು ತಳ್ಳುತ್ತೇನೆ. ಅದು ಕೂದಲೆಳೆಯಷ್ಟು ಅಲ್ಲಾಡಿದರೂ ನಿಮ್ಮ ಬೀಗ ಹಾಗೇ ಇರಲಿ, ಕೀಲಿಯನ್ನು ನಾನೇ ಕಾಲುವೆಗೆ ಎಸೆಯುತ್ತೇನೆ. ಅಲ್ಲಾಡದಿದ್ದರೆ, ಆ ಕಂಬಿಯ ಮೇಲೇ ಕಾಗದ ಇಟ್ಟು, ಬೀಗ ತೆಗೆಯುವ ಆದೇಶಕ್ಕೆ ಸಹಿ ಹಾಕಿ. ಓದಲು ಬರುವ ಹಾಗೆ ಹಾಕಿ.

ಇಂತಿ,
ನಿಮ್ಮ ಎರಡನೇ ವರದಿಗೆ ಅರಿಯದೆ ವಿಷಯ ಒದಗಿಸಿದ,
ಹದಿನೆಂಟರಂದು ಬಾಯಿ ಮುಚ್ಚಿಕೊಂಡಿರಲು ಒಪ್ಪಿರುವ,
ಶಾಲೆಯೆದುರಿನ ಇಸ್ತ್ರಿ ಅಂಗಡಿಯ ಮುದುಕಿ
(ಸದ್ಯಕ್ಕೆ ಲೋಹ ವಿಭಾಗದ ಹಾಜರಿ ಬರೆಯುವವಳು)